‘ಸಿಗಲಿಲ್ಲ’ ಅಂದವರ ಮಾತನ್ನು ಮೊದಲು ಕೇಳಿ

ಆನ್‌ಲೈನ್ ದಿನಸಿ ವೇರ್‌ಹೌಸ್‌ಗಳಲ್ಲಿ ಹೊಸದಾಗಿ ಸೂಪರ್‌ವೈಸರ್ ಆದವರ ಮುಂದೆ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಮೊನ್ನೆಮೊನ್ನೆಯವರೆಗೆ ಕೈಯಲ್ಲಿ ಸ್ಕ್ಯಾನರ್ ಹಿಡಿದು ರ‍್ಯಾಕ್‌ಗಳ ಮಧ್ಯೆ ಓಡಾಡುತ್ತಿದ್ದವರು. ಈಗ ಅದೇ ಫ್ಲೋರ್‌ನಲ್ಲಿ ಸೂಪರ್‌ವೈಸರ್ ಆಗಿದ್ದೀರಿ. ಪಿಕ್ಕಿಂಗ್ ಅಂದರೇನು, ಪ್ಯಾಕಿಂಗ್ ಅಂದರೇನು ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಾಗಾಗಿ ಇವತ್ತು ಒಂದೇ ಒಂದು ಬಟನ್ ಸುತ್ತ ಮಾತಾಡುತ್ತೇನೆ. ಸ್ಕ್ಯಾನರ್ ಪರದೆಯ ಮೇಲಿರುವ ‘ಐಟಂ ಸಿಗಲಿಲ್ಲ’ ಅನ್ನುವ ಬಟನ್. ಕೆಲವು ಕಡೆ ಅದನ್ನು ‘ಶಾರ್ಟ್’ ಅಂತಾರೆ, ಕೆಲವು ಕಡೆ ‘ನಾಟ್ ಫೌಂಡ್’ ಅಂತಾರೆ. ಯಾರಾದರೂ ಅದನ್ನು ಒತ್ತಿದ ಮೇಲೆ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ನಿಮ್ಮ ಇಡೀ ಶಿಫ್ಟ್ ನಿಂತಿದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಆ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಿಕ್ಕರ್, ಅಂದರೆ ಆರ್ಡರ್‌ನ ಮಾಲನ್ನು ರ‍್ಯಾಕ್‌ನಿಂದ ಎತ್ತಿ ತರುವವರು, ಟ್ರಾಲಿ ತಳ್ಳಿಕೊಂಡು ಬಂದು ಬಿನ್ ಮುಂದೆ, ಅಂದರೆ ರ‍್ಯಾಕ್‌ನ ಒಂದು ಖಾನೆ ಮುಂದೆ, ನಿಲ್ಲುತ್ತಾರೆ. ಟ್ರಾಲಿಯಲ್ಲಿ ಆರು ಆರ್ಡರ್‌ಗಳ ಆರು ಕ್ರೇಟ್. ಪರದೆಯಲ್ಲಿ ‘ಓಟ್ಸ್, 500 ಗ್ರಾಂ, ಸ್ಟಾಕ್ 4’ ಅಂತ ಇದೆ. ಬಿನ್ ನೋಡಿದರೆ ಖಾಲಿ. ಕೈ ಒಳಗೆ ಹಾಕಿ ಹಿಂದಿನ ಮೂಲೆಯವರೆಗೂ ತಡಕುತ್ತಾರೆ. ಏನೂ ಇಲ್ಲ. ಎಡಗಡೆಯ ಬಿನ್‌ನಲ್ಲಿ ಅದೇ ಕಂಪನಿಯ 1 ಕೆಜಿ ಪ್ಯಾಕೆಟ್ ಇದೆ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿವೆ. ಹಿಂದೆ ಇನ್ನೊಬ್ಬರು ಟ್ರಾಲಿ ತಂದು ದಾರಿಗಾಗಿ ಕಾಯುತ್ತಿದ್ದಾರೆ.

ಈಗ ಅವರು ಏನು ಮಾಡಬೇಕು? ಅಕ್ಕಪಕ್ಕದ ಬಿನ್‌ಗಳನ್ನೆಲ್ಲ ಹುಡುಕಿದರೆ ಗಂಟೆಗೆ ಎಷ್ಟು ಐಟಂ ಎತ್ತಿದರು ಅನ್ನುವ ಅವರ ಲೆಕ್ಕ ಬೀಳುತ್ತದೆ. ಬಟನ್ ಒತ್ತಿದರೆ ‘ಸಿಗಲಿಲ್ಲ’ಗಳ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಒಂದು ಸೇರುತ್ತದೆ. 1 ಕೆಜಿ ಪ್ಯಾಕೆಟ್ಟನ್ನೇ ಹಾಕಿ ಕಳಿಸಿದರೆ ಗ್ರಾಹಕರು ದೂರು ಕೊಡುತ್ತಾರೆ. ಬಿನ್ ಖಾಲಿ ಇರುವುದಕ್ಕೂ ಅವರಿಗೂ ಸಂಬಂಧವೇ ಇಲ್ಲ. ಆದರೂ ಯಾವ ಕಡೆ ಹೋದರೂ ಹೊಡೆತ ಬೀಳುವುದು ಅವರಿಗೇ. ದಿನಕ್ಕೆ ಎಷ್ಟೋ ಸಲ ಇದೇ ಪರಿಸ್ಥಿತಿಯಲ್ಲಿ ನಿಂತು ಬಂದವರು ಸಂಜೆಗೆ ಸುಸ್ತಾಗಿರುವುದು ಬರೀ ನಡೆದದ್ದರಿಂದ ಅಲ್ಲ.

ಆ ನಾಲ್ಕು ಪ್ಯಾಕೆಟ್ ಎಲ್ಲಿ ಹೋದವು? ನನ್ನ ಅನುಭವದಲ್ಲಿ ಉತ್ತರ ಹೆಚ್ಚಾಗಿ ಹೊರಗಿನಿಂದ ಬಂದ ಮಾಲನ್ನು ಎಣಿಸಿ ಒಳಗೆ ತೆಗೆದುಕೊಳ್ಳುವ ಜಾಗವಾದ ಇನ್‌ವರ್ಡ್‌ನಲ್ಲೇ ಇರುತ್ತದೆ. 12 ಪ್ಯಾಕೆಟ್‌ನ ಬಾಕ್ಸನ್ನು ಯಾರೋ 16ರದ್ದು ಅಂದುಕೊಂಡು ಎಂಟ್ರಿ ಮಾಡಿರುತ್ತಾರೆ. ಅಥವಾ ಮೂರು ರುಚಿಯ ಬಿಸ್ಕತ್ತು ಒಟ್ಟಿಗೆ ಬಂದಾಗ, ಒಂದನ್ನೇ ಸ್ಕ್ಯಾನ್ ಮಾಡಿ ಸಂಖ್ಯೆ 3 ಅಂತ ಒತ್ತಿರುತ್ತಾರೆ. ಆಗ ಒಂದು ರುಚಿ ಕಂಪ್ಯೂಟರ್‌ನಲ್ಲಿ ಎರಡು ಜಾಸ್ತಿ, ಉಳಿದೆರಡು ಒಂದೊಂದು ಕಮ್ಮಿ. ಒಟ್ಟು ಲೆಕ್ಕ ಮಾತ್ರ ಸರಿಯಾಗೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ಕೆಲವು ಸಲ ಒಡೆದ ಪ್ಯಾಕೆಟ್ಟನ್ನು ತೆಗೆದು ಬದಿಗಿಟ್ಟು ಡ್ಯಾಮೇಜ್ ಅಂತ ಬರೆಯಲು ಮರೆತಿರುತ್ತಾರೆ. ಗ್ರಾಹಕರಿಂದ ವಾಪಸ್ ಬಂದದ್ದನ್ನು ಸ್ಕ್ಯಾನ್ ಮಾಡದೆ ಕೈಗೆ ಸಿಕ್ಕ ಬಿನ್‌ಗೆ ತುರುಕಿರುತ್ತಾರೆ. ಎಲ್ಲವೂ ತುಂಬಾ ಚಿಕ್ಕ ತಪ್ಪುಗಳು. ತಪ್ಪು ಆದ ಜಾಗ ಒಂದು, ಅದು ಕಾಣಿಸಿಕೊಳ್ಳುವ ಜಾಗ ಇನ್ನೊಂದು, ನಡುವೆ ಎರಡು ಮೂರು ದಿನ ಕಳೆದಿರುತ್ತದೆ.

ಕಂಪ್ಯೂಟರ್ ಹೇಳಿದ್ದೇ ಸತ್ಯ, ಹುಡುಕುವವರದೇ ಸೋಮಾರಿತನ ಅಂತ ನಂಬುವವರು ಈಗಲೂ ಇದ್ದಾರೆ. ಅವರಿಗೆ ನಾನು ಒಂದು ಅಧ್ಯಯನದ ವಿಷಯ ಹೇಳುತ್ತೇನೆ. ನಿಕೋಲ್ ಡೆಹೊರೇಷಸ್ ಮತ್ತು ಅನಂತ್ ರಾಮನ್ ಅನ್ನುವ ಇಬ್ಬರು ಸಂಶೋಧಕರು 2008ರಲ್ಲಿ ಅದನ್ನು ಪ್ರಕಟಿಸಿದರು. ಒಂದು ದೊಡ್ಡ ಚಿಲ್ಲರೆ ಮಾರಾಟ ಕಂಪನಿಯ 37 ಅಂಗಡಿಗಳಲ್ಲಿ ಸುಮಾರು 3,70,000 ಸ್ಟಾಕ್ ದಾಖಲೆಗಳನ್ನು ಅವರು ಪರೀಕ್ಷಿಸಿದರು. ಅದರಲ್ಲಿ ಶೇಕಡಾ 65ರಷ್ಟು ದಾಖಲೆಗಳು ಕಪಾಟಿನಲ್ಲಿ ನಿಜವಾಗಿ ಇದ್ದ ಲೆಕ್ಕಕ್ಕೆ ತಾಳೆಯಾಗಲಿಲ್ಲ. ಅದು ಗ್ರಾಹಕರೇ ಒಳಗೆ ಬಂದು ಮುಟ್ಟಿ ನೋಡುವ ಅಂಗಡಿಗಳ ಲೆಕ್ಕ ನಿಜ. ನಮ್ಮಲ್ಲಿ ಹೊರಗಿನವರು ಬರುವುದಿಲ್ಲ, ಹಾಗಾಗಿ ನಾವು ಅದಕ್ಕಿಂತ ಎಷ್ಟೋ ವಾಸಿ ಇರಬೇಕು. ಆದರೆ ದಾಖಲೆಯನ್ನು ಕಣ್ಣುಮುಚ್ಚಿ ನಂಬಿ ಮನುಷ್ಯರನ್ನು ಅನುಮಾನಿಸುವ ಚಾಳಿ ಎಷ್ಟು ತಪ್ಪು ಅಂತ ತಿಳಿಯಲು ಆ ಅಂಕಿ ಸಾಕು.

ನಾನು ಕೆಲಸ ಮಾಡಿದ ಒಂದು ಕಡೆ ಪಿಕ್ಕರ್ ಒಬ್ಬರಿದ್ದರು. ಬಾಕ್ಸ್‌ನಿಂದ ಹರಿದ ರಟ್ಟಿನ ತುಂಡೊಂದು ಯಾವಾಗಲೂ ಅವರ ಜೇಬಲ್ಲಿ ಇರುತ್ತಿತ್ತು. ಅದರ ಮೇಲೆ ಪೆನ್ನಿನಲ್ಲಿ ಬಿನ್ ನಂಬರುಗಳು. ಯಾವ ಬಿನ್‌ನಲ್ಲಿ ಲೆಕ್ಕ ಸುಳ್ಳು, ಯಾವ ಐಟಂ ನಿಜಕ್ಕೂ ಎಲ್ಲಿ ಕೂತಿದೆ ಅನ್ನುವ ಪಟ್ಟಿ ಅದು. ಸಿಸ್ಟಂನಲ್ಲಿ ಸಿಗದಿದ್ದರೆ ಎಲ್ಲರೂ ಅವರನ್ನೇ ಕೇಳುತ್ತಿದ್ದರು, ‘ಅಕ್ಕಾ, ಸೋಂಪು ಎಲ್ಲಿದೆ?’ ಅಂತ. ಅವರು ತಲೆ ಎತ್ತದೆ ಬಿನ್ ನಂಬರ್ ಹೇಳುತ್ತಿದ್ದರು. ಆ ವೇರ್‌ಹೌಸ್‌ನ ಅತ್ಯಂತ ಸರಿಯಾದ ಸ್ಟಾಕ್ ಲೆಕ್ಕ ಆ ರಟ್ಟಿನ ಮೇಲಿತ್ತು. ಆದರೆ ಆಫೀಸಿನಿಂದ ಒಬ್ಬರೂ ಬಂದು ಅದನ್ನು ಕೇಳಿದ್ದು ನಾನು ನೋಡಲಿಲ್ಲ. ಅವರು ಅದನ್ನು ತಾವಾಗಿ ತಂದು ಕೊಡುವುದಂತೂ ಸಾಧ್ಯವೇ ಇರಲಿಲ್ಲ. ಬಟನ್ ಒತ್ತಿದವರನ್ನು ಎಲ್ಲರ ಮುಂದೆ ನಿಲ್ಲಿಸಿ ‘ಕಣ್ಣು ಕಾಣಲ್ವಾ?’ ಅಂತ ಕೇಳುತ್ತಿದ್ದ ಜಾಗ ಅದು.

ಟೊಯೊಟಾ ಕಾರ್ಖಾನೆಯ ಹಗ್ಗದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಕಾರು ಜೋಡಿಸುವ ಸಾಲಿನಲ್ಲಿ ನಿಂತ ಯಾವ ಕೆಲಸಗಾರನಿಗೆ ತೊಂದರೆ ಕಂಡರೂ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹೊತ್ತಿಕೊಳ್ಳುತ್ತದೆ, ತಂಡದ ಮುಖ್ಯಸ್ಥ ಅಲ್ಲಿಗೆ ಬರುತ್ತಾನೆ, ಬೇಗ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ನಮಗೆ ಇನ್ನೂ ಹತ್ತಿರದ ವಿಷಯವೊಂದು ಇದರಲ್ಲಿದೆ. ಆ ಕಂಪನಿಯ ಪದ್ಧತಿಯನ್ನು ಕಟ್ಟಿದ ತೈಚಿ ಓನೊ 1956ರಲ್ಲಿ ಅಮೆರಿಕಕ್ಕೆ ಹೋದಾಗ ಅವರ ಮನಸ್ಸು ಸೆಳೆದದ್ದು ಸೂಪರ್‌ಮಾರ್ಕೆಟ್. ಗ್ರಾಹಕರು ಎಷ್ಟು ತೆಗೆದುಕೊಂಡರೋ ಅಷ್ಟನ್ನೇ ಕಪಾಟಿಗೆ ಮತ್ತೆ ತುಂಬುವ ರೀತಿಯನ್ನು ಅವರು ಕಾರ್ಖಾನೆಗೆ ಹೊಂದಿಸಿಕೊಂಡರು. ಅಂದರೆ ದಿನಸಿ ಕಪಾಟಿನಿಂದ ಕಾರಿನವರು ಕಲಿತರು. ಈಗ ನಾವು ಅವರಿಂದ ಹಗ್ಗ ಎಳೆಯುವುದನ್ನು ಕಲಿಯಬಹುದು. ‘ಸಿಗಲಿಲ್ಲ’ ಬಟನ್ ನಮ್ಮ ಹಗ್ಗ. ಅದನ್ನು ಎಳೆದ ಮೇಲೆ ಅಲ್ಲಿಗೆ ನಡೆದುಕೊಂಡು ಹೋಗಬೇಕಾದವರು ನೀವು. ಹೋಗಿ ಮೊದಲು ನೋಡಬೇಕಾದದ್ದು ಬಿನ್ ಕಡೆಗೆ, ಅವರ ಮುಖದ ಕಡೆಗೆ ಅಲ್ಲ.

ಪ್ರತಿ ಸಲ ನೀವೇ ಓಡಲು ಆಗುವುದಿಲ್ಲ, ಅದು ನನಗೂ ಗೊತ್ತು. ಸಂಜೆ ರಶ್ ಹೊತ್ತಲ್ಲಿ ಅಂತೂ ಸಾಧ್ಯವೇ ಇಲ್ಲ. ಅದಕ್ಕೆ ಒಬ್ಬರನ್ನು ಇದಕ್ಕೇ ಅಂತ ಬಿಡಿ. ಎರಡನೇ ಸಲ ಹುಡುಕುವುದು ಅವರ ಕೆಲಸ. ಪಿಕ್ಕರ್ ಬಿನ್ ನೋಡಿ, ಎಡಬಲ ನೋಡಿ, ಇಲ್ಲ ಅಂದರೆ ಬಟನ್ ಒತ್ತಿ ಮುಂದೆ ಹೋಗಲಿ. ಹುಡುಕುವವರು ಬಂದು ಮೇಲಿನ ಸಾಲು, ಕೆಳಗಿನ ಸಾಲು, ವಾಪಸ್ ಬಂದ ಮಾಲಿನ ಕ್ರೇಟ್, ಇನ್‌ವರ್ಡ್ ಜಾಗ ಎಲ್ಲ ನೋಡಲಿ. ಸಿಕ್ಕರೆ ಪ್ಯಾಕಿಂಗ್ ಟೇಬಲ್‌ಗೆ ತಲುಪಿಸಲಿ. ಸಿಗದಿದ್ದರೆ ಆ ಬಿನ್‌ನ ಲೆಕ್ಕವನ್ನು ಆಗಲೇ ಸೊನ್ನೆ ಮಾಡಬೇಕು. ಇದು ಮುಖ್ಯ. ಸೊನ್ನೆ ಮಾಡದೆ ಬಿಟ್ಟರೆ ಸಿಸ್ಟಂ ಅದೇ ಖಾಲಿ ಬಿನ್‌ಗೆ ಇನ್ನೊಬ್ಬರನ್ನು ಕಳಿಸುತ್ತದೆ, ಇನ್ನೊಬ್ಬ ಗ್ರಾಹಕರಿಗೆ ಇಲ್ಲದ ಮಾಲು ಮಾರುತ್ತದೆ.

ಬದಲಿ ಐಟಂ ವಿಷಯದಲ್ಲಿ ಒಂದು ಮಾತು. ಸೆಕೆಂಡು ಓಡುತ್ತಿರುವಾಗ ‘ಇದರ ಬದಲು ಅದು’ ಅಂತ ನಿರ್ಧರಿಸುವ ಭಾರವನ್ನು ಪಿಕ್ಕರ್ ತಲೆಗೆ ಕಟ್ಟಬೇಡಿ. ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಪ್ಯಾಕೆಟ್‌ನಲ್ಲಿ ಒಂದಕ್ಕೆ ಕಡಲೆಕಾಯಿ ಹಾಕಿರುತ್ತಾರೆ, ಇನ್ನೊಂದಕ್ಕೆ ಇಲ್ಲ. ಕಡಲೆಕಾಯಿ ಅಲರ್ಜಿ ಇರುವ ಮಗುವಿನ ಮನೆಗೆ ಅದು ಹೋದರೆ ಜೀವಕ್ಕೇ ಅಪಾಯ. ಯಾವುದಕ್ಕೆ ಯಾವುದು ಬದಲಿ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು, ಗ್ರಾಹಕರ ಒಪ್ಪಿಗೆಯೂ ಇರಬೇಕು.

ಈಗ ಟಾರ್ಗೆಟ್ ವಿಷಯಕ್ಕೆ ಬರೋಣ. ಎಲ್ಲರ ತಲೆಯಲ್ಲೂ ಇರುವುದು ಅದೇ ಅಲ್ವಾ?

ಗಂಟೆಗೆ ಎಷ್ಟು ಐಟಂ ಅನ್ನುವ ಲೆಕ್ಕ ಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟು ಗಂಟೆಗೆ ಎಷ್ಟು ಜನ ಬೇಕು ಅಂತ ಗೊತ್ತಾಗಲು ಅದು ಬೇಕೇ ಬೇಕು. ಆದರೆ ಆ ಲೆಕ್ಕ ಯಾವುದನ್ನು ಅಳೆಯುತ್ತದೆ ಅನ್ನುವುದನ್ನು ಸರಿಯಾಗಿ ನೋಡಿ. ಒಬ್ಬರಿಗೆ ಒಂದೇ ಬಿಸ್ಕತ್ತಿನ ಹತ್ತು ಪ್ಯಾಕೆಟ್ ಬಂತು. ಒಂದೇ ಬಿನ್, ಒಂದೇ ಜಾಗ, ಹತ್ತು ಐಟಂ ಮುಗಿಯಿತು. ಇನ್ನೊಬ್ಬರಿಗೆ ಹತ್ತು ಬೇರೆ ಬೇರೆ ಐಟಂ ಬಂತು, ಅದರಲ್ಲಿ ಎರಡು ನೀರಿನ ಕ್ಯಾನ್, ಮೂರು ಫ್ರೀಜರ್‌ನಲ್ಲಿ. ಎರಡೂ ಪರದೆಯಲ್ಲಿ ಹತ್ತೇ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದು ಗೋಡೆಗೆ ಅಂಟಿಸಿದರೆ, ನೋಡಿದವರಿಗೆಲ್ಲ ಅದು ಅನ್ಯಾಯ ಅಂತ ಗೊತ್ತಾಗುತ್ತದೆ. ಹೋಲಿಸಲೇಬೇಕು ಅಂದರೆ ಒಂದೇ ಭಾಗದಲ್ಲಿ, ಒಂದೇ ಹೊತ್ತಿನಲ್ಲಿ ಕೆಲಸ ಮಾಡಿದವರನ್ನು ಹೋಲಿಸಿ. ಗೋಡೆಯ ಪಟ್ಟಿ ಮಾತ್ರ ಬೇಡವೇ ಬೇಡ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಒಂದು ಸಂಗತಿ ಗುರುತಿಸಿದರು. ಯಾವುದೋ ಅಂಕಿಯನ್ನು ಹಿಡಿದು ಹತೋಟಿ ಮಾಡಲು ಹೊರಟ ಕೂಡಲೇ ಆ ಅಂಕಿ ತನ್ನ ಅರ್ಥ ಕಳೆದುಕೊಳ್ಳತೊಡಗುತ್ತದೆ. ನಮ್ಮ ಫ್ಲೋರ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ವೇಗಕ್ಕೆ ಮಾತ್ರ ಬೆಲೆ ಕೊಟ್ಟರೆ, ಬಿನ್ ಒಳಗೆ ಕೈ ಹಾಕುವ ಮೊದಲೇ ‘ಸಿಗಲಿಲ್ಲ’ ಒತ್ತುತ್ತಾರೆ. ‘ಸಿಗಲಿಲ್ಲ’ಕ್ಕೆ ಶಿಕ್ಷೆ ಕೊಟ್ಟರೆ, ಪ್ಯಾಕಿಂಗ್‌ಗೆ ಕಾಯುತ್ತಿರುವ ಬೇರೆಯವರ ಕ್ರೇಟ್‌ನಿಂದ ಎತ್ತಿಕೊಳ್ಳುತ್ತಾರೆ. ಆಗ ಇವರ ಆರ್ಡರ್ ಪೂರ್ತಿ, ಇನ್ನೊಬ್ಬರದು ಕಮ್ಮಿ. ಎರಡಕ್ಕೂ ಶಿಕ್ಷೆ ಇದ್ದರೆ, ರ‍್ಯಾಕ್‌ಗೆ ಅಂಟಿಸಿದ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿ, ಪಕ್ಕದ ಪ್ಯಾಕೆಟ್ ಹಾಕಿ ಕಳಿಸುತ್ತಾರೆ. ಇವರ್‍ಯಾರೂ ಕೆಟ್ಟವರಲ್ಲ. ಮನೆ ನಡೆಸಬೇಕು, ಸಂಬಳ ಕಟ್ ಆಗಬಾರದು. ನೀವು ಯಾವುದನ್ನು ಎಣಿಸುತ್ತೀರೋ ಅದನ್ನು ಉಳಿಸಿಕೊಳ್ಳುವ ದಾರಿ ಹುಡುಕುತ್ತಾರೆ, ಅಷ್ಟೇ. ಗುಣಮಟ್ಟದ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಎಡ್ವರ್ಡ್ಸ್ ಡೆಮಿಂಗ್ ಮ್ಯಾನೇಜರ್‌ಗಳಿಗೆ ಕೊಟ್ಟ ತಮ್ಮ 14 ಅಂಶಗಳಲ್ಲಿ ಸಂಖ್ಯೆಯ ಕೋಟಾ ತೆಗೆದುಹಾಕಿ, ಕೆಲಸದ ಜಾಗದಿಂದ ಭಯ ಓಡಿಸಿ ಅಂತ ಎರಡನ್ನೂ ಸೇರಿಸಿದ್ದಕ್ಕೆ ಕಾರಣ ಇದೇ. ಭಯ ಇದ್ದ ಕಡೆ ಸರಿಯಾದ ಅಂಕಿ ಸಿಗುವುದಿಲ್ಲ.

ಹಾಗಾದರೆ ವೇಗ ಎಲ್ಲಿಂದ ಬರಬೇಕು? ದಾರಿಯಿಂದ. ಪಿಕ್ಕರ್ ಸಮಯದಲ್ಲಿ ಹೆಚ್ಚುಕಮ್ಮಿ ಅರ್ಧ ಬರೀ ನಡೆಯುವುದರಲ್ಲೇ ಹೋಗುತ್ತದೆ ಅಂತ ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ‘ಬೇಗ ಬೇಗ’ ಅಂತ ಮೈಕಿನಲ್ಲಿ ಕೂಗಿದರೆ ಆ ದೂರ ಒಂದು ಅಡಿಯೂ ಕಮ್ಮಿಯಾಗುವುದಿಲ್ಲ. ಜಾಸ್ತಿ ಓಡುವ ಮಾಲು ಪ್ಯಾಕಿಂಗ್ ಟೇಬಲ್‌ಗೆ ಹತ್ತಿರ ಇರಲಿ, ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಇರಲಿ. ಭಾರದ್ದು ಸೊಂಟದ ಮಟ್ಟದಲ್ಲಿ ಇರಲಿ, ದಾರಿಯಲ್ಲಿ ಮೊದಲೇ ಬರಲಿ. ಆಗ ಅದು ಕ್ರೇಟ್‌ನ ತಳಕ್ಕೆ ಹೋಗುತ್ತದೆ, ಮೊಟ್ಟೆ ಬ್ರೆಡ್ ಮೇಲೆ ಬರುತ್ತವೆ. ತಣ್ಣನೆಯದು ಕೊನೆಗೆ. 500 ಗ್ರಾಂ ಮತ್ತು 1 ಕೆಜಿ ಪ್ಯಾಕೆಟ್ಟುಗಳನ್ನು ಅಕ್ಕಪಕ್ಕ ಇಡಲೇಬೇಡಿ. ಆಗಲೇ ಹೇಳಿದ ಓಟ್ಸ್ ಕಥೆ ಅರ್ಧ ಅಲ್ಲೇ ಮುಗಿಯುತ್ತದೆ.

ಭಾರ ಎತ್ತುವುದರ ಬಗ್ಗೆ ಒಂದು ಅಂಕಿ ನೆನಪಿಡಿ, 23 ಕೆಜಿ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಇದೇ ಮೇಲಿನ ಮಿತಿ. ಅದೂ ಎಲ್ಲ ಅನುಕೂಲವಾಗಿದ್ದಾಗ. ಭಾರ ಮೈಗೆ ಹತ್ತಿರ ಇರಬೇಕು, ಬಗ್ಗಬಾರದು, ತಿರುಗಬಾರದು, ಹಿಡಿ ಗಟ್ಟಿ ಇರಬೇಕು, ಪದೇ ಪದೇ ಎತ್ತುವಂತಿರಬಾರದು. ಕೆಳಗಿನ ಸಾಲಿನಿಂದ ಬಗ್ಗಿ ಎಳೆದು, ಸೊಂಟ ತಿರುಗಿಸಿ ಟ್ರಾಲಿಗೆ ಇಡುವ ನಮ್ಮ ಕೆಲಸಕ್ಕೆ ಆ ಮಿತಿ ತುಂಬಾ ಕೆಳಗೆ ಬರುತ್ತದೆ. ‘ಹೋದ ವಾರದವರೆಗೂ ಎತ್ತುತ್ತಿದ್ದ, ಈಗೇನಾಯ್ತು?’ ಅಂತ ಕೇಳುವ ಮೊದಲು ಇದನ್ನು ಯೋಚಿಸಿ. ಸೊಂಟ ಒಂದು ಸಲ ಹಿಡಿದುಕೊಂಡರೆ ಆ ನೋವು ಆ ಮನುಷ್ಯರ ಜೊತೆ ವರ್ಷಗಟ್ಟಲೆ ಇರುತ್ತದೆ.

ಫ್ರೀಜರ್ ಇನ್ನೊಂದು ಲೋಕ. ಅಲ್ಲಿ ಮೈನಸ್ 18 ಡಿಗ್ರಿ. ದಪ್ಪ ಗ್ಲೌಸ್ ಹಾಕಿದರೆ ಸ್ಕ್ಯಾನರ್ ಪರದೆ ಮುಟ್ಟಿದ್ದಕ್ಕೆ ಸ್ಪಂದಿಸುವುದಿಲ್ಲ. ಏನು ಮಾಡುತ್ತಾರೆ? ಬಲಗೈ ಗ್ಲೌಸ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ‘ಗ್ಲೌಸ್ ಕೊಟ್ಟಿದ್ದೇವೆ’ ಅಂತ ರಿಜಿಸ್ಟರ್‌ನಲ್ಲಿ ಸಹಿ ಇರುತ್ತದೆ, ಬೆರಳು ಮಾತ್ರ ಮರಗಟ್ಟಿರುತ್ತದೆ. ಪರದೆ ಮುಟ್ಟಲು ಬರುವ ಗ್ಲೌಸ್ ಇವೆ, ಬಟನ್ ಇರುವ ಸ್ಕ್ಯಾನರ್ ಇವೆ. ಅದನ್ನು ಕೇಳಿ ತರಿಸುವುದು ನಿಮ್ಮ ಕೆಲಸ. ಫ್ರೀಜರ್ ಬಾಗಿಲ ಮುಂದೆ ನೆಲ ಸದಾ ಒದ್ದೆ, ಅಲ್ಲಿ ಜಾರಿ ಬೀಳುವವರೇ ಜಾಸ್ತಿ. ಶಿಫ್ಟ್ ಶುರುವಾದಾಗ ನಿಮ್ಮ ಮೊದಲ ಸುತ್ತು ಅಲ್ಲಿಂದ ಹೊರಡಲಿ.

ಮಾಲಿನ ವಿಷಯವೂ ಅಷ್ಟೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಬೇಗ ಕೆಡುವ ಆಹಾರವನ್ನು 5 ಡಿಗ್ರಿಗಿಂತ ಕೆಳಗೆ ಇಡಿ ಅನ್ನುತ್ತದೆ. ಹಾಲಿನ ಕ್ರೇಟ್ ಪ್ಯಾಕಿಂಗ್ ಟೇಬಲ್ ಪಕ್ಕ ಅರ್ಧ ಗಂಟೆ ಸುಮ್ನೆ ಕೂತಿದ್ದರೆ, ಅದು ಎರಡು ಮಾತಿಲ್ಲದೆ ನಿಮ್ಮ ಜವಾಬ್ದಾರಿ. ಎಕ್ಸ್‌ಪೈರಿ ಹತ್ತಿರ ಇರುವುದು ಮೊದಲು ಹೋಗಬೇಕು ಅನ್ನುವ ನಿಯಮ ಎಲ್ಲರಿಗೂ ಗೊತ್ತು. ಆದರೆ ಪಿಕ್ಕರ್ ಮುಂದಿರುವುದನ್ನೇ ಎತ್ತುತ್ತಾರೆ, ಎತ್ತಬೇಕಾದದ್ದೂ ಅದನ್ನೇ. ಹೊಸ ಮಾಲನ್ನು ಹಿಂದೆ ಇಟ್ಟು ಹಳೆಯದನ್ನು ಮುಂದೆ ಎಳೆಯುವುದು ಜೋಡಿಸುವವರ ಕೆಲಸ. ಅವರಿಗೆ ಅದಕ್ಕೆ ಸಮಯ ಕೊಟ್ಟಿದ್ದೀರಾ? ‘ಲಾರಿ ಬಂತು, ಬೇಗ ಖಾಲಿ ಮಾಡಿ’ ಅಂದರೆ ಹೊಸದು ಮುಂದೆ ಕೂರುತ್ತದೆ, ಹಳೆಯದು ಹಿಂದೆ ಕೊಳೆಯುತ್ತದೆ.

ಇನ್ನು, ಜೊತೆಗಾರರ ಮೇಲೇ ಸೂಪರ್‌ವೈಸರ್ ಆಗಿರುವವರಿಗೆ. ನಿಮ್ಮ ಮೇಲೆ ಮೊದಲು ಬರುವ ದೂರು ಪಕ್ಷಪಾತದ್ದು. ಅದು ನೀವು ಯಾರ ಜೊತೆ ಟೀ ಕುಡಿಯುತ್ತೀರಿ ಅನ್ನುವುದರಿಂದ ಬರುವುದಿಲ್ಲ, ಯಾರಿಗೆ ಯಾವ ಸಾಲು ಕೊಡುತ್ತೀರಿ ಅನ್ನುವುದರಿಂದ ಬರುತ್ತದೆ. ಹಗುರವಾದ ಸಾಲು ಇವತ್ತೂ ಅವರಿಗೇ, ಫ್ರೀಜರ್ ಇವತ್ತೂ ಇವರಿಗೇ ಅಂತಾದರೆ ನಿಮ್ಮ ಯಾವ ಒಳ್ಳೆಯ ಮಾತೂ ಕಿವಿಗೆ ಬೀಳುವುದಿಲ್ಲ. ಸರದಿ ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಿ. ಗೋಡೆಯ ಮೇಲೆ ಇರಬೇಕಾದ ಪಟ್ಟಿ ಅದು. ನಿಮ್ಮ ಆಪ್ತ ಗೆಳೆಯನ ಸರದಿ ಬಂದ ದಿನ ಅವನೇ ಫ್ರೀಜರ್‌ಗೆ ಹೋಗಲಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಸೇರಿಸುತ್ತೇನೆ.

‘ಸರ್, ನಿಜವಾಗಲೂ ಕೆಲಸ ಕದಿಯುವವರು ಇರ್ತಾರಲ್ಲ, ಅವರನ್ನೂ ನಂಬಬೇಕಾ?’ ಅಂತ ಒಬ್ಬರು ಕೇಳಿದರು. ಇರುತ್ತಾರೆ. ಆದರೆ ಬಿನ್ ನೋಡುವ ಅಭ್ಯಾಸ ಇದ್ದರೆ ಅಂಥವರು ತಾವಾಗೇ ಗೊತ್ತಾಗುತ್ತಾರೆ. ಒಬ್ಬರು ‘ಸಿಗಲಿಲ್ಲ’ ಅಂದ ಬಿನ್‌ಗಳಲ್ಲಿ ಹುಡುಕುವವರಿಗೆ ಪದೇ ಪದೇ ಮಾಲು ಸಿಗುತ್ತಿದ್ದರೆ, ಆಗ ನಿಮ್ಮ ಹತ್ತಿರ ಮಾತಾಡಲು ಆಧಾರ ಇದೆ. ಪಕ್ಕಕ್ಕೆ ಕರೆದು, ಆ ಬಿನ್‌ಗಳ ಪಟ್ಟಿ ಮುಂದಿಟ್ಟು ಕೇಳಿ. ಅಲ್ಲೂ ಮೊದಲ ಪ್ರಶ್ನೆ ‘ಎಲ್ಲಿ ತೊಂದರೆ ಆಗ್ತಿದೆ?’ ಅಂತಲೇ ಇರಲಿ. ಕೆಲವು ಸಲ ಕನ್ನಡಕ ಬೇಕಾಗಿರುತ್ತದೆ, ಕೆಲವು ಸಲ ಲೇಬಲ್ ಓದಲು ಬಾರದಿರುತ್ತದೆ, ಹೇಳಿಕೊಳ್ಳಲು ನಾಚಿಕೆ. ಇದು ಯಾವುದೂ ಅಲ್ಲ, ಬರೀ ಉಡಾಫೆ ಅಂತ ಖಚಿತವಾದರೆ ನಿಯಮ ಏನು ಹೇಳುತ್ತದೋ ಅದನ್ನು ಮಾಡಿ. ಹಾಗೆ ಮಾಡಿದಾಗ ಉಳಿದವರೂ ನಿಮ್ಮ ಜೊತೆ ನಿಲ್ಲುತ್ತಾರೆ, ಯಾಕೆಂದರೆ ಆ ಒಬ್ಬರ ಭಾರ ಇಷ್ಟು ದಿನ ಹೊತ್ತವರು ಈ ಉಳಿದವರೇ.

‘ಮೇಲಿನವರು ನಂಬರ್ ಮಾತ್ರ ಕೇಳ್ತಾರೆ, ಅವರಿಗೆ ಏನು ಹೇಳೋದು?’ ಅನ್ನುವುದು ಇನ್ನೊಬ್ಬರ ಪ್ರಶ್ನೆ. ನಂಬರನ್ನೇ ಕೊಡಿ. ಆದರೆ ‘ಸಿಗಲಿಲ್ಲ’ ಬಂದ ಪ್ರತಿ ಬಿನ್ ಮುಂದೆ ಕಾರಣ ಬರೆಯಿರಿ. ಇನ್‌ವರ್ಡ್ ಎಣಿಕೆ ತಪ್ಪು, ತಪ್ಪು ಬಿನ್, ಡ್ಯಾಮೇಜ್ ಬರೆದಿಲ್ಲ, ವಾಪಸ್ ಮಾಲು, ಪಿಕ್ಕರ್ ನೋಡಲಿಲ್ಲ. ಐದೇ ಕಾರಣ ಸಾಕು. ಶಿಫ್ಟ್ ಬದಲಾಗುವಾಗ ಆ ಹಾಳೆ ಮುಂದಿನ ಸೂಪರ್‌ವೈಸರ್ ಕೈಗೆ ಹೋಗಲಿ, ವಾರಕ್ಕೊಮ್ಮೆ ಎಲ್ಲ ಕೂಡಿಸಿ ಮೀಟಿಂಗ್‌ಗೆ ತೆಗೆದುಕೊಂಡು ಹೋಗಿ. ಇನ್‌ವರ್ಡ್‌ನಲ್ಲಿ ಇನ್ನೊಬ್ಬರು ಬೇಕು ಅಂತ ಸುಮ್ನೆ ಕೇಳಿದರೆ ಯಾರೂ ಕೊಡುವುದಿಲ್ಲ. ಎಣಿಕೆ ತಪ್ಪಿನಿಂದ ಈ ವಾರ ಎಷ್ಟು ಆರ್ಡರ್ ಅರ್ಧಂಬರ್ಧ ಹೋದವು ಅನ್ನುವ ಹಾಳೆ ಮೇಜಿನ ಮೇಲಿಟ್ಟು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಆ ಹಾಳೆಯನ್ನು ಬರೆಯಲು ಕೂರುವಾಗ ಪಿಕ್ಕರ್‌ಗಳಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅರ್ಧಕ್ಕರ್ಧ ಕಾರಣ ಅವರಿಗೆ ಆಗಲೇ ಗೊತ್ತಿರುತ್ತದೆ.